ಇಟ್ಟಿಗೆ ಗೋಡೆಯ ಅಡಿಯ ಬೂದಿ

ನಮ್ಮ ರೊಕ್ಕಸ್ಪಿನಾ ಊರಿನ ಹಾಳು ದೇವಾಲಯ ಸಾವಿರದ ಒಂಬೈನೂರು ವರ್ಷದ ಹಿಂದಿನ ಹೇಡ್ರಿಯನ್ ಚಕ್ರವರ್ತಿಯ ಕಾಲದ್ದೆಂದು ಪ್ರೊಫೆಸರ್ ಸ್ಕಾರ್ಪೆಲ್ಲಿ ಬರೆದು ಮೂವತ್ತು ವರ್ಷವಾಗಿತ್ತು. ಹಿಂಗೋಡೆಯ ಇಟ್ಟಿಗೆಗಳ ಮೇಲೆ ಆ ಕಾಲದ ಮುದ್ರೆಯಿದೆಯಲ್ಲ, ಇನ್ನೇನು ಬೇಕು ಎಂದು ಅವರ ವಾದ. ನನ್ನ ತಂಗಿಯ ಮಗಳು ಎರ್ಸೀಲಿಯಾ ಮಾತ್ರ, ಇದು ಅದಕ್ಕಿಂತ ಬಹಳ ಹಳೆಯದೆಂದು ಹಟ ಹಿಡಿದು ಏಳು ವರ್ಷದಿಂದ ಅಗೆಯುತ್ತಿದ್ದಳು. ಶನಿವಾರ ಸಂಜೆಯೊಳಗೆ ಪುರಾವೆ ತೋರಿಸದಿದ್ದರೆ ಗುಂಡಿ ಮುಚ್ಚಿಸುತ್ತೇನೆಂದು, ಅಗೆತದ ಉಸ್ತುವಾರಿಯೂ ಆಗಿದ್ದ ಪ್ರೊಫೆಸರ್ ಹೇಳಿ ಹೋಗಿದ್ದರು.

ಶನಿವಾರ ಮಧ್ಯಾಹ್ನ ಗುಂಡಿಯ ಅಂಚಿನಲ್ಲಿ ಕೂತಿದ್ದ ಅವಳ ಬಳಿ ಹೋದೆ.

"ಗೋಡೆ ಪಕ್ಕ ಎಲ್ಲಾ ನೋಡಾಯ್ತು ಮಾವ. ಏನೂ ಸಿಗ್ಲಿಲ್ಲ."

"ಪಕ್ಕದಲ್ಲಿ ಏನಿರತ್ತೆ, ಮಣ್ಣು! ಅಡಿಯಲ್ಲಿ ನೋಡು."

"ಯಾಕೆ?"

"ಪಕ್ಕದ ಗೋಡೆಯ ಆ ಹಳೇ ಕಲ್ಲು ನೋಡೇ, ಕೆಂಪಗಾಗಿದೆ. ಸುಣ್ಣದಕಲ್ಲು ಬೆಂಕಿಗೆ ಬಿದ್ರೇನೇ ಹಾಗಾಗೋದು. ಅಂದ್ರೆ ಈ ಇಟ್ಟಿಗೆ ಗೋಡೆ ಆಮೇಲಿನ ರಿಪೇರಿ. ಸುಟ್ಟ ಕಟ್ಟಡ ರಿಪೇರಿ ಮಾಡೋವಾಗ ನಾವು ಗಾರೆಯವ್ರು ಬೂದಿ ಹೊತ್ತು ಹಾಕ್ತೀವಾ? ಯಜಮಾನ ಆ ಕಡೆ ತಿರುಗ್ತಿದ್ದ ಹಾಗೇ ಅಲ್ಲೇ ತುಳಿದು, ಮೇಲೆ ಗೋಡೆ ಎಬ್ಬಿಸಿಬಿಡ್ತೀವಿ. ನಮ್ಮಪ್ಪ ಮಾಡಿದ್ದೂ ಅದೇ, ನಾನು ಮಾಡಿದ್ದೂ ಅದೇ. ಆಗಿನೋರು ಮಾತ್ರ ಸಾಚಾಗಳಾ?"

ಅವಳು ಎದ್ದಳು. ಗೋಡೆಗೆ ಮರದ ಆಸರೆ ಕೊಟ್ಟು ಅಡಿಯಲ್ಲಿ ಮೊಳದುದ್ದ ಬಗೆದೆವು. ಕಪ್ಪು ಬೂದಿ! ನಾಲ್ಕು ಬೆರಳು ದಪ್ಪ. ಅದರ ಕೆಳಗೆ ದೇವಾಲಯದ ಬಿಳಿ ನೆಲ, ತಲೆಮಾರುಗಟ್ಟಲೆ ಭಕ್ತರ ಕಾಲಿಗೆ ಸವೆದು ಹೋದದ್ದು. ಬೂದಿಯೊಳಗೆ ಕಾಣಿಕೆಯ ನಾಣ್ಯಗಳು ಅಂಚು ಕರಗಿ ಅಂಟಿಕೊಂಡಿದ್ದವು. ಎರ್ಸೀಲಿಯಾ ಬ್ರಷ್ಷಿನಿಂದ ಒಂದೊಂದನ್ನೇ ಉಜ್ಜಿದಳು. ನಲವತ್ತೊಂದು ನಾಣ್ಯ. ಎಲ್ಲಕ್ಕಿಂತ ಹೊಸದರ ಮೇಲೆ, ಹೇಡ್ರಿಯನ್‌ಗಿಂತ ಐವತ್ತು ವರ್ಷ ಮೊದಲೇ ಸತ್ತ ಚಕ್ರವರ್ತಿ ನೀರೋನ ದಪ್ಪ ಕತ್ತು. ಅವನ ನಂತರದವರದು ಒಂದೂ ಇಲ್ಲ.

ಐದು ಗಂಟೆಗೆ ಪ್ರೊಫೆಸರ್ ಬಂದರು. ನೋಡಿದರು. "ಆಮೇಲೆ ಯಾರಾದ್ರೂ ತಂದು ಹಾಕಿರಬಹುದು."

"ಗೋಡೆ ಎತ್ತಿ ಹಿಡ್ಕೊಂಡು ಹಾಕಿದ್ರಾ ಸ್ವಾಮಿ?" ಎಂದೆ. ನನಗೆ ತಡೆಯಲಾಗಲಿಲ್ಲ.

ಅವರು ಬಿಳಿ ಪ್ಯಾಂಟಿನಲ್ಲೇ ಮಣ್ಣಿಗೆ ಮೊಣಕಾಲೂರಿ, ಗೋಡೆಯಡಿಗೆ ಕೈ ತೂರಿಸಿ, ಸವೆದ ನೆಲವನ್ನು ಬಹಳ ಹೊತ್ತು ಸವರಿದರು.

"ಮೂವತ್ತು ವರ್ಷ ನಾನು ರಿಪೇರಿಯ ವಯಸ್ಸನ್ನೇ ದೇವಾಲಯದ ವಯಸ್ಸು ಅಂತ ಪಾಠ ಹೇಳಿದೀನಿ," ಎಂದರು ಮೆಲ್ಲಗೆ. ಆಮೇಲೆ ವರದಿಯ ಹಾಳೆ ತೆಗೆದು ಎರ್ಸೀಲಿಯಾಳ ಕೈಗಿತ್ತರು. "ಕಾಲ ನೀನೇ ಬರೆಯಮ್ಮ. ನಾನು ಸಹಿ ಹಾಕ್ತೀನಿ."

'ನೀರೋನ ಕಾಲಕ್ಕಿಂತ ಹಿಂದಿನದು' ಎಂದು ಅವಳು ಬರೆದಳು. ನಾನು ಗುಂಡಿಯೊಳಗೆ ನಿಂತು, ಎಪ್ಪತ್ತು ವರ್ಷದ ಮುದುಕ, ಊರಿಗೆಲ್ಲ ಕೇಳುವಂತೆ ಕೂಗಿಬಿಟ್ಟೆ.