ಗುಡ್ಡದ ಹೈಸ್ಕೂಲಿನ ಹಿಂಬದಿ

ಪೆದ್ದಮ್ಮನಿಗೆ ಓದು ಬರಹ ಗೊತ್ತಿರಲಿಲ್ಲ, ನಿಜ. ಆದರೆ ಮೊಳಕಾಲ್ಮೂರಿನಲ್ಲಿ ಇಪ್ಪತ್ತು ವರ್ಷ ರೇಷ್ಮೆ ಸೀರೆ ನೇಯ್ದ ಹೆಂಗಸನ್ನು ಮಾತಲ್ಲಿ ಮರುಳು ಮಾಡುತ್ತೇನೆಂದು ಯಾರಾದರೂ ಹೊರಟರೆ ಅವರ ಧೈರ್ಯಕ್ಕೆ ಒಂದು ದೊಡ್ಡ ನಮಸ್ಕಾರ.

ಆ ವರ್ಷ ಜೂನಿನಲ್ಲಿ ಅವಳ ಮಗಳು ಶ್ರೀವಾಣಿ ಎಂಟನೇ ಕ್ಲಾಸಿಗೆ ಸೇರಬೇಕಿತ್ತು. ಹುಡುಗಿ ಕೆಲಸದಲ್ಲಿ ಚೂಟಿ, ಗಣಿತದಲ್ಲಿ ಮಾತ್ರ ಬಲು ನಿಧಾನ. ಮಗಳು ಕಾಲೇಜಿನ ಮೆಟ್ಟಿಲು ಹತ್ತಬೇಕೆಂಬುದು ಪೆದ್ದಮ್ಮನ ಒಂದೇ ಹಟ. ಗಂಡ ಚಿತ್ತಯ್ಯನದು ಬೇರೆ ಲೆಕ್ಕ. "ಏಮೇ, ಕೇಳಿಸ್ಕ. ಹತ್ತನೇ ಕ್ಲಾಸ್ತನ ಓದ್ಲಿ, ನಾನು ಬ್ಯಾಡ ಅನ್ನಲ್ಲ. ಒಂದ್ಸಲ ಫೇಲಾದ್ಲೋ, ಸೀದಾ ಮಗ್ಗಕ್ಕೆ. ಆಮೇಲೆ ನನ್ನತ್ರ ಅಳಬ್ಯಾಡ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಹೋಗಿ ಬರುವಷ್ಟು ದೂರದಲ್ಲಿ ಇದ್ದದ್ದು ಎರಡು ಹೈಸ್ಕೂಲು, ಎರಡೂ ಸರ್ಕಾರಿ. ಒಂದನ್ನು ಜನ ರೋಡಿನ ಹೈಸ್ಕೂಲು ಎನ್ನುತ್ತಿದ್ದರು, ಇನ್ನೊಂದನ್ನು ಗುಡ್ಡದ ಹೈಸ್ಕೂಲು. ಸೀರೆ ಕೊಳ್ಳಲು ಚಳ್ಳಕೆರೆಯಿಂದ ಬಂದ ವ್ಯಾಪಾರಿ ಜಂಬುಲಿಂಗಪ್ಪನವರು ವಿಷಯ ಕೇಳಿ ನಕ್ಕರು.

"ಇದ್ರಾಗೆ ಯೋಚ್ನೆ ಮಾಡಾದು ಏನೈತೆ ತಂಗಿ? ಹತ್ತನೇ ಕ್ಲಾಸಿನಾಗೆ ರೋಡಿನ ಹೈಸ್ಕೂಲು ನೂರಕ್ಕೆ ನೂರು ಪಾಸು, ಗುಡ್ಡದ್ದು ಎಂಬತ್ತೆಂಟು. ಕಣ್ಮುಚ್ಕಂಡು ರೋಡಿಂದಕ್ಕೆ ಸೇರ್ಸು."

ಹೀಗೆ ಹೇಳುತ್ತಲೇ ಅವರು ಅವಳು ನೇಯ್ದ ಸೀರೆಯನ್ನು ತಿರುವಿ ಹಾಕಿ, ಹಿಂಬದಿಯಲ್ಲಿ ಎಳೆ ಬಿಟ್ಟಿದೆಯೋ, ಗಂಟು ಉಳಿದಿದೆಯೋ ಎಂದು ಒಂದೊಂದು ಬುಟ್ಟಾದ ಮೇಲೂ ಬೆರಳಾಡಿಸಿದರು. ಪೆದ್ದಮ್ಮನಿಗೆ ಮೈಯೆಲ್ಲ ಉರಿಯಿತು.

"ಸೀರೆಗಾದ್ರೆ ಕಣ್ಬಿಟ್ಕಂಡು ಹಿಂದೂ ಮುಂದೂ ನೋಡ್ತೀರ. ನನ್ ಮಗಳಿಗಾದ್ರೆ ಕಣ್ಮುಚ್ಕಬೇಕಾ ಸಾವ್ಕಾರ್ರೇ?"

ಮರುದಿನ ಮಗ್ಗ ನಿಲ್ಲಿಸಿ, ಮಗಳನ್ನು ಕರೆದುಕೊಂಡು ಹೊರಟೇಬಿಟ್ಟಳು.

ರೋಡಿನ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ್ ಓಂಕಾರಮೂರ್ತಿ ಒಳ್ಳೆಯ ಮನುಷ್ಯರು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಗೋಡೆಯಷ್ಟಗಲ ಚಿತ್ರ ಬೀಳುವ ಯಂತ್ರ ತೋರಿಸಿದರು. ಬಾಗಿಲಲ್ಲೇ 'ನೂರಕ್ಕೆ ನೂರು' ಎಂದು ದೊಡ್ಡ ಬ್ಯಾನರು. ಪೆದ್ದಮ್ಮ ಎಲ್ಲಕ್ಕೂ ತಲೆಯಾಡಿಸಿ, "ಹಿಂದ್ಗಡೆ ಒಂಚೂರು ನೋಡ್ಲಾ ಸಾರ್?" ಎಂದಳು. ಹಿಂದೆ ಮುರಿದ ಬೆಂಚುಗಳ ರಾಶಿ ಬಿದ್ದಿತ್ತು, ಮತ್ತೇನೂ ಇರಲಿಲ್ಲ. ಆದರೆ ಎಳೆ ಎಣಿಸಿ ಬದುಕಿದವಳು ಎಣಿಸದೆ ಬಿಡುತ್ತಾಳೆಯೇ?

"ಈ ಪಾಸಾದ ಮಕ್ಳು ಎಂಟನೇ ಕ್ಲಾಸಿಗೆ ಸೇರ್ದಾಗ ಎಷ್ಟು ಜನ ಇದ್ರು ಸಾರ್?"

"ಅರವತ್ತೆರಡು."

"ಪರೀಕ್ಷೆ ಬರ್ದೋರು?"

"ನಲವತ್ನಾಲ್ಕು. ನಲವತ್ನಾಲ್ಕೂ ಪಾಸು ಕಣಮ್ಮ!"

"ಮಿಕ್ಕ ಹದ್ನೆಂಟು?"

ಓಂಕಾರಮೂರ್ತಿ ಕನ್ನಡಕ ತೆಗೆದು ಒರೆಸಿಕೊಂಡರು. "ಅವರ ಕೈಲಿ ಆಗ್ತಿರಲಿಲ್ಲ. ಒಂಬತ್ತರಲ್ಲೇ ಟಿ.ಸಿ. ತಗೊಂಡು ಹೋಗಿ ಅಂದ್ವಿ. ಇಲ್ದಿದ್ರೆ ರಿಸಲ್ಟ್ ಹಾಳಾಗುತ್ತಲ್ಲ?"

ಅಯ್ಯೋ ಶಿವನೇ! ಹದಿನೆಂಟು ಎಳೆ ಕತ್ತರಿಸಿ ಎಸೆದು, ಸೀರೆಯಲ್ಲಿ ಒಂದೂ ಗಂಟಿಲ್ಲ ಎಂದರೆ ಯಾವ ನೇಕಾರ ಒಪ್ಪಿಯಾನು? ಪೆದ್ದಮ್ಮ ಕೈಮುಗಿದು ಎದ್ದಳು.

ಗುಡ್ಡದ ಹೈಸ್ಕೂಲು ಸುಣ್ಣ ಕಂಡು ಎಷ್ಟು ಕಾಲವಾಗಿತ್ತೋ. ಒಳಗೆ ಹೋಗುವ ಬದಲು ಅವಳು ಸೀದಾ ಹಿಂಬದಿಗೇ ನಡೆದಳು. ಅಲ್ಲಿ ಬೇವಿನ ಮರದ ಕೆಳಗೆ ಐದು ಮಕ್ಕಳು ಕೂತಿದ್ದರು, ಯಾರ ಮೈಮೇಲೂ ಯೂನಿಫಾರಂ ಇರಲಿಲ್ಲ. ಮಂಗಳಗೌರಿ ಎಂಬ ಹೆಡ್‌ಮಿಸ್ ತಾವೇ ನೆಲದ ಮೇಲೆ ಕೂತು ಲೆಕ್ಕ ಹೇಳಿಕೊಡುತ್ತಿದ್ದರು.

"ಇವ್ರು ಯಾರ ಮಕ್ಳು ಮೇಡಂ?"

"ನಮ್ಮವರೇ. ಹತ್ತನೇ ಕ್ಲಾಸಲ್ಲಿ ಫೇಲಾದೋರು. ನಲವತ್ತೊಂದು ಜನ ಸೇರಿದ್ರು, ನಲವತ್ತೊಂದೂ ಪರೀಕ್ಷೆ ಬರೆದ್ರು. ಈ ಐದು ಜನ ಇನ್ನೊಂದು ಸಲ ಬರೀತಾರೆ. ಪಾಸಾಗೋವರೆಗೂ ನಾನು ಬಿಡಲ್ಲ." ಆ ಹೆಂಗಸಿನ ಮುಖದಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ.

ಪೆದ್ದಮ್ಮ ಅವತ್ತೇ ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ನೂರು ಬಿಟ್ಟು ಎಂಬತ್ತೆಂಟನ್ನು ಆರಿಸಿಕೊಂಡ ಜಾಣೆ ಎಂದು ಕೇರಿಯವರೆಲ್ಲ ನಕ್ಕರು. "ನಕ್ಕವರ ಹಲ್ಲು ಕಾಣ್ತದೆ, ಬಿಡು" ಎಂದು ಅವಳು ಮಗ್ಗಕ್ಕೆ ಕೂತಳು.

ಮೂರು ವರ್ಷ ಕಳೆದು ಹತ್ತನೇ ಕ್ಲಾಸಿನ ಫಲಿತಾಂಶ ಬಂತು. ಶ್ರೀವಾಣಿ ಎಲ್ಲದರಲ್ಲೂ ಪಾಸು, ಗಣಿತದಲ್ಲಿ ಆರು ಅಂಕ ಕಡಿಮೆ.

ಚಿತ್ತಯ್ಯ ಬೈಯಲಿಲ್ಲ. ಬೈದಿದ್ದರೇ ವಾಸಿಯಾಗಿತ್ತು. ಮೂಲೆಯಲ್ಲಿ ಸುಮ್ಮನಿದ್ದ ಎರಡನೇ ಮಗ್ಗದ ಧೂಳು ಕೊಡವಿ, "ಬಾಮ್ಮಾ, ಕೂತ್ಕ" ಎಂದ ಅಷ್ಟೇ. ಹುಡುಗಿ ತಲೆ ತಗ್ಗಿಸಿ ಹೋಗಿ ಕೂತಳು. ನಾನೇ ತಪ್ಪು ಮಾಡಿದೆನೇನೋ ಎಂದು ಪೆದ್ದಮ್ಮನಿಗೆ ಮೊದಲ ಸಲ ಅನ್ನಿಸಿತು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಸ್ಕೂಟರ್ ನಿಂತಿತು. ಮಂಗಳಗೌರಿ ಹೆಲ್ಮೆಟ್ ಕೂಡ ತೆಗೆಯದೆ ಒಳಗೆ ಬಂದರು.

"ಶ್ರೀವಾಣಿ ಎಲ್ಲಿ? ಎಂಟೂವರೆಗೇ ಮರದ ಕೆಳಗೆ ಇರ್ಬೇಕಿತ್ತಲ್ಲ!"

"ಅವ್ಳು ಫೇಲಾಗ್ಯಾಳೆ ಮೇಡಂ" ಎಂದ ಚಿತ್ತಯ್ಯ.

"ಅದಕ್ಕೇ ಬಂದಿರೋದು. ಪಾಸಾಗಿದ್ರೆ ನಾನ್ಯಾಕೆ ಬರ್ತಿದ್ದೆ?"

ಮಗಳು ಅಪ್ಪನ ಮುಖ ನೋಡಿದಳು, ಅಪ್ಪ ಗೋಡೆ ನೋಡಿದ. ಕೊನೆಗೆ, "ಹೋಗ್ಬಾ" ಎಂದ. ಅನುಮಾನದ ಪ್ರಾಣಿ, ಮಧ್ಯಾಹ್ನ ಬುತ್ತಿ ಕೊಡುವ ನೆಪದಲ್ಲಿ ತಾನೂ ಹೋಗಿ ಶಾಲೆಯ ಹಿಂಬದಿ ನೋಡಿ ಬಂದ. ಆ ಬಿಸಿಲಲ್ಲಿ ನಾಲ್ಕು ಮಕ್ಕಳ ಜೊತೆ ಮೇಡಂ ನೆಲದ ಮೇಲೆ ಕೂತಿದ್ದನ್ನು ಕಂಡ. ಮರುದಿನದಿಂದ ಬುತ್ತಿ ಒಯ್ಯುವುದು ಅವನ ಕೆಲಸವೇ ಆಯಿತು, ಅದೂ ಮಗಳಿಗೂ ಮೇಡಂಗೂ ಆಗುವಷ್ಟು.

ಎರಡನೇ ಪರೀಕ್ಷೆಯಲ್ಲಿ ಶ್ರೀವಾಣಿಗೆ ಗಣಿತದಲ್ಲಿ ಐವತ್ತೇಳು ಬಂತು. ಪೆದ್ದಮ್ಮ ಬೀದಿಯಲ್ಲೇ ಮಗಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಆ ವಾರವೇ ಜಂಬುಲಿಂಗಪ್ಪನವರು ಸೀರೆಗೆ ಬಂದರು. "ಏನಪ್ಪಾ ಚಿತ್ತಯ್ಯ, ಹುಡುಗಿ ಫೇಲಂತಲ್ಲ? ನಾನು ಅವತ್ತೇ ಬಡ್ಕಂಡೆ!"

ಪೆದ್ದಮ್ಮ ಬಾಯಿ ತೆರೆಯುವಷ್ಟರಲ್ಲಿ ಚಿತ್ತಯ್ಯ ಮಗ್ಗ ನಿಲ್ಲಿಸಿ ಎದ್ದ.

"ಹೌದು ಸಾವ್ಕಾರ್ರೇ, ಫೇಲಾಗಿದ್ಳು. ಎರಡ್ನೇ ಸಲಕ್ಕೆ ಪಾಸು ಮಾಡ್ಯಾಳೆ. ಎರಡ್ನೇ ಸಲಕ್ಕೆ!" ಜನ ಮುಚ್ಚಿಡುವ ಆ ಮಾತನ್ನು ಅವನು ಎದೆಯುಬ್ಬಿಸಿಕೊಂಡು ಇಡೀ ಕೇರಿಗೆ ಕೇಳುವಂತೆ ಹೇಳಿದ. "ಇನ್ನು ಕಾಲೇಜಿಗೆ ಸೇರ್ಸಾದು."

"ಓಹೋ! ಯಾವ ಕಾಲೇಜಪ್ಪಾ?"

"ಅದು ಇನ್ನೂ ಗೊತ್ತಿಲ್ಲ. ಇವ್ಳು ಹೋಗಿ ಹಿಂದ್ಗಡೆ ನೋಡ್ಕಂಬರ್ಬೇಕು" ಎಂದು ಚಿತ್ತಯ್ಯ ಹೆಂಡತಿಯತ್ತ ಕೈ ತೋರಿಸಿದ.

ಪೆದ್ದಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು ಚಪ್ಪಲಿ ಹುಡುಕುತ್ತಿದ್ದಳು.