ಕಡ್ಡಿ ಮುಟ್ಟಿದಾಗ ಎದ್ದ ಗೆರೆ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಆಸ್ಪತ್ರೆಯ ಗೇಟಿನಲ್ಲಿ ನಿಂತವರಿಗೆ ಆಸ್ಪತ್ರೆಯೇ ಕಾಣುತ್ತಿರಲಿಲ್ಲ. ರಸ್ತೆಯಲ್ಲಿ ಮೊದಲು ಸೈಕಲ್ಲಿನ ಗಂಟೆ ಕೇಳಿಸುತ್ತಿತ್ತು, ಆಮೇಲೆ ಸೈಕಲ್ಲು ಕಾಣಿಸುತ್ತಿತ್ತು, ಕೊನೆಗೆ ಅದನ್ನು ತುಳಿಯುವವನು. ಗಾಳಿಯ ಸುಳಿವೇ ಇರಲಿಲ್ಲ. ಕಡ್ಡಿಯಣ್ಣ ಮಫ್ಲರನ್ನು ಕಿವಿಯ ಮೇಲೆಳೆದುಕೊಂಡು, ದಿನವೂ ಹತ್ತುವ ಮೆಟ್ಟಿಲನ್ನು ಕಾಲಲ್ಲಿ ತಡವಿ ಹುಡುಕಿ ಹತ್ತಿದ.

ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಆಪರೇಷನ್ ಕೋಣೆಯ ಯಂತ್ರಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಅವುಗಳಲ್ಲಿ ಒಂದಕ್ಕೆ ಪೆನ್ಸಿಲ್ಲಿಗಿಂತ ಸಪೂರವಾದ ಕಡ್ಡಿಯೊಂದಿತ್ತು. ಕಡ್ಡಿಯ ತುದಿಯಲ್ಲಿ ಕೆಂಪು ಬೆಳಕು. ಅದನ್ನು ಕರುಳಿಗೆ ತಾಗಿಸಿದರೆ ಬೆಳಕು ಒಳಗೆ ಹೊಕ್ಕು, ಓಡುವ ರಕ್ತವನ್ನು ಕಂಡು ಬಂದು, ಪರದೆಯ ಮೇಲೆ ಗೆರೆಯಾಗಿ ಏಳುತ್ತಿತ್ತು. ಪಕ್ಕದಲ್ಲಿ ಅಂಕಿ. ಅಂಕಿ ಏರಿದರೆ ಕರುಳಿಗೆ ಜೀವವಿದೆ. ನೆಲ ಕಚ್ಚಿದರೆ ಇಲ್ಲ. ಈ ಯಂತ್ರವನ್ನು ಅವನು ದೇವರ ದೀಪದಂತೆ ಒರೆಸಿ ಇಡುತ್ತಿದ್ದನಾದ್ದರಿಂದ ಅವನಿಗೆ ಕಡ್ಡಿಯಣ್ಣ ಎಂಬ ಹೆಸರು ಅಂಟಿತ್ತು.

ಮೇಲಿನ ಮಹಡಿಯ ಬೆಂಚಿನಲ್ಲಿ ಒಬ್ಬ ಅಜ್ಜಿ ಕುಳಿತಿದ್ದಳು. ಹನ್ನೆರಡು ದಿನದ ಹಿಂದೆ ಅವಳ ಮಗಳಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಗಿತ್ತು. ಹೆಣ್ಣು ಮಗು, ಒಂದು ಕೇಜಿಯೂ ಇಲ್ಲ. ನಿನ್ನೆ ಸಂಜೆಯಿಂದ ಹೊಟ್ಟೆ ಉಬ್ಬಿ, ಚರ್ಮ ಸೀಸದ ಬಣ್ಣಕ್ಕೆ ತಿರುಗಿತ್ತು. ಕರುಳು ಒಳಗೇ ಸಾಯುವ ಕಾಯಿಲೆ. ಎಕ್ಸ್‌ರೇಯಲ್ಲಿ ಕರುಳು ತೂತಾಗಿ ಗಾಳಿ ಸೋರಿದ್ದು ಕಂಡಿತ್ತು.

ಹಸಿರು ಅಂಗಿ ತೊಟ್ಟವರೆಲ್ಲ ಅಜ್ಜಿಯ ಪಾಲಿಗೆ ಡಾಕ್ಟರೇ. ಹಸಿರು ತೊಟ್ಟು ಬಂದ ಕಡ್ಡಿಯಣ್ಣನ ತೋಳು ಹಿಡಿದು ನಿಲ್ಲಿಸಿದಳು. "ನೀನು ಒಳಗೆ ಏನು ಮಾಡ್ತೀಯಪ್ಪಾ?"

"ನಾನು ಡಾಕ್ಟರಲ್ಲ ಅಜ್ಜಿ. ಕರುಳಲ್ಲಿ ರಕ್ತ ಓಡ್ತಿದೆಯಾ ಇಲ್ಲವಾ ಅಂತ ಅಳೀತೀನಿ."

"ಅಳೆಯೋನಾ?" ಅಜ್ಜಿ ಅವನ ಬೆರಳುಗಳನ್ನೇ ನೋಡಿದಳು. "ನಲವತ್ತು ವರ್ಷ ತರಕಾರಿ ಕೊಂಡವಳು ನಾನು. ತಕ್ಕಡಿ ಮೇಲೆ ಮೆಲ್ಲಗೆ ಬೆರಳಿಡೋರನ್ನ ಎಷ್ಟು ಜನರನ್ನ ಹಿಡಿದಿಲ್ಲ! ನನ್ನ ಮೊಮ್ಮಗಳನ್ನ ಸರಿಯಾಗಿ ಅಳೆಯಪ್ಪ."

ಅವನು ತಲೆಯಾಡಿಸಿ ಒಳಗೆ ಹೋದ. ಕೈ ತೊಳೆಯುವಾಗ ಆ ಮಾತು ಬೆನ್ನಿಗೆ ಬಿದ್ದೇ ಇತ್ತು. ಅದಕ್ಕೆ ಕಾರಣವಿತ್ತು.

ಕಳೆದ ಬೇಸಿಗೆಯಲ್ಲಿ ಇಂಥದ್ದೇ ಒಂದು ಗಂಡು ಮಗು ಇದೇ ಮೇಜಿನ ಮೇಲಿತ್ತು. ಕಡ್ಡಿ ಇಟ್ಟಲ್ಲೆಲ್ಲ ಅಂಕಿ ಏಳಲೇ ಇಲ್ಲ. ಕರುಳು ಪೂರ್ತಿ ಹೋಗಿದೆಯೆಂದು ಹೊಟ್ಟೆ ಮುಚ್ಚಿದರು. ಸಂಜೆಗೆ ಮಗು ತೀರಿಕೊಂಡಿತು. ಅದರ ತಾಯಿ ಬಿಳಿ ಬಟ್ಟೆಯ ಗಂಟೊಂದನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಹೋದದ್ದನ್ನು ಕಡ್ಡಿಯಣ್ಣ ಕಿಟಕಿಯಿಂದ ನೋಡಿದ್ದ.

ಆಮೇಲೆ ಒಂದು ದಿನ, ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸಲು ಕಡ್ಡಿಯನ್ನು ತನ್ನ ಕಿವಿಯ ಹಾಲೆಗೆ ಇಟ್ಟುಕೊಂಡ. ಹಗುರವಾಗಿ ಇಟ್ಟಾಗ ಅಂಕಿ ನಲವತ್ತು. ತೆಗೆದು ಮತ್ತೆ ಸ್ವಲ್ಪ ಒತ್ತಿ ಇಟ್ಟ: ಮುಟ್ಟಿದ ಕ್ಷಣ ಗೆರೆ ಗುಡ್ಡದಂತೆ ಎದ್ದು, ಮೆಟ್ಟಿಲು ಮೆಟ್ಟಿಲಾಗಿ ಇಳಿದು, ನಾಲ್ಕಕ್ಕೆ ಬಂದು ಮಲಗಿತು. ಒತ್ತಿದಾಗ ರಕ್ತ ಆಚೀಚೆ ಸರಿದುಬಿಡುತ್ತದೆ. ಯಂತ್ರ ಅದನ್ನೇ ಸಾವು ಎನ್ನುತ್ತದೆ. ನಿಜವಾಗಿ ಸತ್ತ ಕರುಳಿನಲ್ಲಿ ಆ ಗುಡ್ಡ ಏಳುವುದಿಲ್ಲ, ಸೂಜಿಯಂಥ ಒಂದು ಗೀರು ಬಂದು ಹೋಗುತ್ತದೆ, ಅಷ್ಟೇ. ಅವನು ಓಡಿಹೋಗಿ ಬೇಸಿಗೆಯ ಆ ಮಗುವಿನ ಗೆರೆಗಳ ಕಾಗದ ತೆಗೆದು ನೋಡಿದ. ಮೂರು ಕಡೆ ಗುಡ್ಡವಿತ್ತು.

ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು, ಆ ಕಾಗದವನ್ನೂ ಅಂಟಿಸಿ, ಆಪರೇಷನ್ ಮಾಡಿದ್ದ ಮೇಡಂ ಕೈಗೆ ಕೊಟ್ಟ. "ಓದಿ ಕೊಡ್ತೀನಿ" ಎಂದರು ಮೇಡಂ. ಏಳು ತಿಂಗಳಾಯಿತು. ಅವರು ಕೊಡಲಿಲ್ಲ, ಇವನು ಕೇಳಲಿಲ್ಲ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಅಳುಕು. ಪ್ರತಿದಿನ ಅವರ ಕೋಣೆಯ ಮುಂದೆ ಹಾಯುವಾಗ, ನಾಳೆ ಕೇಳಿದರಾಯಿತು ಎಂದುಕೊಳ್ಳುತ್ತಿದ್ದ. ದೇವರ ಮುಂದೆ ಕೈಮುಗಿಯುವಾಗ ಮಾತ್ರ ಆ ನಾಳೆ ಎಂಬುದು ಚುಚ್ಚುತ್ತಿತ್ತು.

ಒಳಗೆ ಮೇಡಂ ಆಗಲೇ ಕೈಗವಸು ತೊಟ್ಟಿದ್ದರು. ಅವರ ಜೊತೆಗೆ ಇನ್ನೊಬ್ಬ ಡಾಕ್ಟರು ಇರಬೇಕಿತ್ತು, ಕರುಳನ್ನು ಅಂಗೈಯಲ್ಲಿ ಹಿಡಿದುಕೊಳ್ಳಲು. ಅವರ ಕಾರು ಮಂಜಿನಲ್ಲಿ ದಾರಿ ಕಾಣದೆ ಎಲ್ಲೋ ನಿಂತಿತ್ತು.

"ಕಾಯೋಕಾಗಲ್ಲ. ಬಿಪಿ ಇಳೀತಿದೆ," ಎಂದರು ಮಗುವಿನ ತಲೆಯ ಬಳಿ ಕುಳಿತ ನಿದ್ದೆ ಡಾಕ್ಟರು. ಅರಿವಳಿಕೆ ಕೊಡುವವರನ್ನು ಅಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಊರಿಗೆಲ್ಲ ನಿದ್ದೆ ಬರಿಸ್ತೀನಿ, ಮನೇಲಿ ನನ್ನನ್ನೇ ಮಲಗೋಕೆ ಬಿಡಲ್ಲ ಎಂದು ದಿನವೂ ನಗಿಸುವವರು ಅಂದು ಬಾಯಿ ಬಿಗಿದಿದ್ದರು.

ಹೊಟ್ಟೆ ತೆರೆದರು. ಒಂದು ಗೇಣಿನಷ್ಟು ಕರುಳು ಕರ್ರಗೆ ಸತ್ತಿತ್ತು, ಅದರಲ್ಲಿ ಅನುಮಾನವಿರಲಿಲ್ಲ. ಮೇಲ್ಗಡೆ ನಾಲ್ಕು ಬೆರಳಷ್ಟು ಗುಲಾಬಿ ಬಣ್ಣ. ಉಳಿದ ಮೂರು ಗೇಣು ಅತ್ತ ಕಪ್ಪೂ ಅಲ್ಲ, ಇತ್ತ ಕೆಂಪೂ ಅಲ್ಲ, ನೇರಳೆಯಂತೆ ಕಂದಿತ್ತು. ಅದನ್ನೂ ಕತ್ತರಿಸಿದರೆ ನಾಲ್ಕು ಬೆರಳು ಕರುಳಿನಲ್ಲಿ ಮಗು ಬದುಕಲಾರದು. ಸತ್ತದ್ದನ್ನು ಒಳಗೇ ಬಿಟ್ಟರೆ ಅದರ ನಂಜಿಗೇ ಬದುಕಲಾರದು.

"ಕಡ್ಡಿ," ಎಂದರು ಮೇಡಂ.

ಎಡಗೈಯಲ್ಲಿ ಕರುಳು, ಬಲಗೈಯಲ್ಲಿ ಕಡ್ಡಿ. ಮೊಣಕೈಗೆ ಆಸರೆಯಿಲ್ಲ. ಕಪ್ಪು ಜಾಗಕ್ಕೆ ಇಟ್ಟರು: ಮೂರು. ಕಂದಿದ ಜಾಗಕ್ಕೆ ಇಟ್ಟರು.

"ಎಷ್ಟು?"

"ನಾಲ್ಕು ಮೇಡಂ."

ಇನ್ನೊಂದು ಕಡೆ. "ಐದು." ಮತ್ತೊಂದು ಕಡೆ. "ನಾಲ್ಕು."

ಬೆಚ್ಚಗಿನ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಹೊದಿಸಿ ಹತ್ತು ನಿಮಿಷ ಕಾದರು. ಗಡಿಯಾರದ ಮುಳ್ಳು ಹೆಜ್ಜೆ ಕಿತ್ತಿಡಲಾರದೆ ಸಾಗಿದಂತಿತ್ತು. ಮತ್ತೆ ಇಟ್ಟರು. ನಾಲ್ಕು.

ಮೇಡಂ ಕಡ್ಡಿಯನ್ನು ಕೆಳಗಿಟ್ಟರು. ಮುಖವಾಡದ ಮೇಲಿನ ಕಣ್ಣುಗಳಲ್ಲಿ ನೀರಿರಲಿಲ್ಲ, ನೀರಿದ್ದರೇ ಚೆನ್ನಾಗಿತ್ತು. "ಮುಚ್ಚಿಬಿಡೋಣ. ತಾಯಿ ಮಡಿಲಲ್ಲಾದರೂ ಹೋಗಲಿ. ಸಿಸ್ಟರ್, ದಾರ ಕೊಡಿ."

ಕಡ್ಡಿಯಣ್ಣನ ಕಣ್ಣು ಪರದೆಯ ಮೇಲೇ ನೆಟ್ಟಿತ್ತು. ಈಗಷ್ಟೇ ಹಾದುಹೋದ ಗೆರೆಗಳು ಅಲ್ಲಿದ್ದವು. ಕಪ್ಪು ಜಾಗದಲ್ಲಿ ಸೂಜಿಯಂಥ ಗೀರು. ಕಂದಿದ ಜಾಗದಲ್ಲಿ ಗುಡ್ಡ. ಮತ್ತೊಂದು ಗುಡ್ಡ. ಮತ್ತೊಂದು.

ಅಪ್ಪಾ ಭಗವಂತ, ಈ ಮಾತು ನನ್ನದಲ್ಲ, ಇದನ್ನು ನೀನೇ ಆಡಿಸು ಎಂದುಕೊಂಡ. ಆದರೆ ಆಡಬೇಕಾದ ಬಾಯಿ ಅವನದೇ ಆಗಿತ್ತು.

"ಮೇಡಂ, ಕೈ ಭಾರ ಆಗ್ತಿದೆ."

ದಾರ ಹಿಡಿದಿದ್ದ ಸಿಸ್ಟರ್ ಕೈ ಅಲ್ಲೇ ನಿಂತಿತು. "ಏನಂದ್ರಿ?"

"ಕಡ್ಡಿ ಒತ್ತುತಿದೆ ಮೇಡಂ. ಒಂದು ಕೂದಲೆಳೆಯಷ್ಟು ಎತ್ತಿ ನೋಡಿ."

"ನಾನು ಒತ್ತುತಾ ಇಲ್ಲ. ಬರೀ ಮುಟ್ಟಿಸ್ತಿದ್ದೀನಿ."

"ದೊಡ್ಡವರ ಕರುಳಿಗೆ ಅದು ಮುಟ್ಟೋದು. ಈ ಕರುಳು ಈರುಳ್ಳಿ ಪೊರೆ ಇದ್ದ ಹಾಗಿದೆ. ಇದರ ಪಾಲಿಗೆ ಕಲ್ಲು ಹೇರಿದ ಹಾಗೆ."

"ಇಪ್ಪತ್ತೆರಡು ವರ್ಷದಿಂದ ಇದೇ ಕೈ..."

"ಪುಸ್ತಕದಲ್ಲಿ ಬರೆದಿದ್ದೆ ಮೇಡಂ," ಎಂದ ಕಡ್ಡಿಯಣ್ಣ. "ನಿಮಗೆ ಕೊಟ್ಟಿದ್ದೆ."

ಮೇಡಂ ಕಣ್ಣು ಒಮ್ಮೆ ಮುಚ್ಚಿ ತೆರೆಯಿತು.

ನಿದ್ದೆ ಡಾಕ್ಟರು ಕೆಮ್ಮಿದರು. "ಎತ್ತಿ ನೋಡಿದರೆ ನಮ್ಮ ಗಂಟೇನು ಹೋಗುತ್ತೆ? ಐದು ನಿಮಿಷ ನಾನು ಹಿಡಿದಿರ್ತೀನಿ ಇವಳನ್ನ. ಹಟಮಾರಿ ಇದ್ದಾಳೆ, ನನ್ನ ಹೆಂಡತಿ ಥರ. ಸುಲಭಕ್ಕೆ ಬಿಡೋ ಪೈಕಿ ಅಲ್ಲ."

ಮೇಡಂ ಕಡ್ಡಿ ಕೈಗೆತ್ತಿಕೊಂಡರು. "ಸಿಸ್ಟರ್, ನನ್ನ ಮಣಿಕಟ್ಟು ಹಿಡೀರಿ. ಗಟ್ಟಿಯಾಗಿ." ಕರುಳಿನ ಮೇಲೆ ಬೆಚ್ಚಗಿನ ಉಪ್ಪುನೀರಿನ ಒಂದು ಹನಿ ಬಿಟ್ಟು, ಆ ಹನಿಗೆ ಮಾತ್ರ ತಾಗುವಂತೆ ಕಡ್ಡಿ ಇಳಿಸಿದರು.

ನಾಲ್ಕು. ನಾಲ್ಕು. ಕಡ್ಡಿಯಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದ. ಒಂಬತ್ತು. ಹದಿನೇಳು. ಮೂವತ್ತೊಂದು. ಗೆರೆ ಎದ್ದಿತು, ಎದ್ದು, ಮಗುವಿನ ಎದೆಬಡಿತದ ಜೊತೆಜೊತೆಗೆ ಸಣ್ಣಗೆ ತೂಗತೊಡಗಿತು.

"ಓದಿ," ಎಂದರು ಮೇಡಂ.

"ಮೂವತ್ತೊಂದು ಮೇಡಂ."

"ಇನ್ನೊಂದ್ಸಲ ಓದಿ."

"ಮೂವತ್ತೊಂದೇ."

ಬೆರಳು ಬೆರಳಿನಷ್ಟು ಅಂತರದಲ್ಲಿ ಮೂರು ಗೇಣನ್ನೂ ಅಳೆದರು. ಎಲ್ಲ ಕಡೆಯೂ ಜೀವವಿತ್ತೆಂದಲ್ಲ. ಕಪ್ಪಿಗೆ ಅಂಟಿಕೊಂಡಿದ್ದ ಅರ್ಧ ಗೇಣು ಎಷ್ಟು ಹಗುರವಾಗಿ ಹಿಡಿದರೂ ಏಳಲಿಲ್ಲ, ಕಪ್ಪಿನ ಜೊತೆಗೆ ಅದನ್ನೂ ಕತ್ತರಿಸಿದರು. ಉಳಿದದ್ದನ್ನು ಒಳಗಿಟ್ಟು, ತುದಿಗಳನ್ನು ಹೊಟ್ಟೆಯ ಹೊರಗೆ ತಂದು ಹೊಲಿದರು. "ನಾಡಿದ್ದು ಮತ್ತೆ ತೆಗೆದು ನೋಡೋಣ. ಅಲ್ಲೀವರೆಗೆ ಏನೂ ಹೇಳೋಕಾಗಲ್ಲ," ಎಂದು ಮೇಡಂ ಹೊರಟುಹೋದರು. ಅವನ ಕಡೆ ನೋಡಲಿಲ್ಲ.

ಹೊರಗೆ ಬಂದಾಗ ಅಜ್ಜಿ ಬೆಂಚಿನಿಂದ ಎದ್ದಳು. "ಸರಿಯಾಗಿ ಅಳೆದೆಯಾ?"

"ಮೊದಲು ತಪ್ಪಿತ್ತು ಅಜ್ಜಿ. ಆಮೇಲೆ ಸರಿ ಮಾಡಿದ್ವಿ."

ಅಜ್ಜಿ ಅವನನ್ನು ನೋಡಿ, "ತಪ್ಪಿತ್ತು ಅಂತ ಒಪ್ಪಿಕೊಂಡ ತಕ್ಕಡಿಯವನನ್ನ ಇವತ್ತೇ ನೋಡಿದ್ದು" ಎಂದು ಮತ್ತೆ ಕುಳಿತಳು.

ಆ ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ. ಈ ಮಗುವಿನ ಗೆರೆ ಕಣ್ಣಮುಂದೆ ಎದ್ದಾಗಲೆಲ್ಲ ಆ ಮಗುವಿನ ಮೂರು ಗುಡ್ಡಗಳೂ ಏಳುತ್ತಿದ್ದವು. ಅದು ಬದುಕುತ್ತಿತ್ತೋ ಇಲ್ಲವೋ, ಬಲ್ಲವನು ಮೇಲಿದ್ದಾನೆ. ಆದರೆ ಗುಡ್ಡಗಳನ್ನು ಕಂಡ ಮೇಲೂ ಏಳು ತಿಂಗಳು ಕೇಳಬೇಕಾದವನು ಕೇಳಿರಲಿಲ್ಲ. ಅದನ್ನು ಅವನ ತಲೆಗೇ ಕಟ್ಟಬೇಕು, ದೇವರ ತಲೆಗಲ್ಲ.

ಮೂರನೆಯ ಬೆಳಿಗ್ಗೆ ಹೊಟ್ಟೆ ತೆರೆದರು. ಎರಡೂವರೆ ಗೇಣು ಕರುಳು ಅಳುಕುತ್ತ ಅಳುಕುತ್ತ ಗುಲಾಬಿಯಾಗಿತ್ತು. ಈ ಬಾರಿ ಜೊತೆಯ ಡಾಕ್ಟರು ಇದ್ದರೂ, ಮೇಡಂ ಸಿಸ್ಟರಿಗೆ ಮಣಿಕಟ್ಟು ಹಿಡಿಯಲು ಹೇಳಿದರು. ಮಗು ಇನ್ನೂ ಗಾಜಿನ ಪೆಟ್ಟಿಗೆಯಲ್ಲೇ ಇತ್ತು, ನಳಿಗೆಗಳ ನಡುವೆ. ದಾರಿ ಬಹಳ ಉದ್ದವಿತ್ತು.

ಆ ಮಧ್ಯಾಹ್ನ ಅವನು ಯಂತ್ರದ ಕೋಣೆಯಲ್ಲಿ ಕಡ್ಡಿ ಒರೆಸುತ್ತಿದ್ದಾಗ ಮೇಡಂ ಬಂದು ಬಾಗಿಲಲ್ಲಿ ನಿಂತರು. ಆ ಕೋಣೆಗೆ ಅವರು ಬಂದದ್ದು ಅದೇ ಮೊದಲು. ಅವನು ಎದ್ದು ಸ್ಟೂಲು ಸರಿಸಿದ. ಅವರು ಕೂರಲಿಲ್ಲ.

"ಪುಸ್ತಕ ಯಾಕೆ ಕೇಳಲಿಲ್ಲ ನೀವು?"

"ನೀವೂ ಕೊಡಲಿಲ್ಲ ಮೇಡಂ."

"ಹೌದು." ಅವರು ಗೋಡೆಯ ಕಡೆ ನೋಡಿದರು. "ಡ್ರಾಯರಿನಲ್ಲೇ ಇತ್ತು. ಮೊನ್ನೆ ಆಪರೇಷನ್ ಮುಗಿಸಿ ಹೋದವಳೇ ಓದಿದೆ. ಎರಡು ಸಲ. ಬೇಸಿಗೆಯಲ್ಲಿ ತೀರಿಕೊಂಡ ಆ ಮಗುವಿನ ತಾಯಿಯ ವಿಳಾಸ ಹುಡುಕಿಸಿದ್ದೀನಿ. ಸೋಮವಾರ ಹೋಗ್ತೀನಿ. ಏನು ಹೇಳಬೇಕೋ ಗೊತ್ತಿಲ್ಲ, ಆದರೆ ಹೇಳಬೇಕು. ಜೊತೆಗೆ ಬರ್ತೀರಾ?"

"ಬರ್ತೀನಿ ಮೇಡಂ."

ಅವರು ಬಿಳಿ ಕೋಟಿನ ಒಳಗಿನಿಂದ ನೋಟ್‌ಬುಕ್ ತೆಗೆದರು. ಹಳೆಯ ಗೆರೆಗಳ ಕಾಗದ ಅಂಟಿಸಿದ ಪುಟದ ಮೂಲೆ ಮಡಿಸಿತ್ತು, ಅವನು ಮಡಿಸಿದ್ದಲ್ಲ. ಮೂರು ಗುಡ್ಡಗಳ ಕೆಳಗೆ ನೀಲಿ ಶಾಯಿಯಲ್ಲಿ, "ಒತ್ತಿದ್ದು ನನ್ನ ಕೈ" ಎಂದು ಬರೆದು ತಾರೀಖು ಹಾಕಿ ಸಹಿ ಮಾಡಿದ್ದರು. ಪುಸ್ತಕವನ್ನು ಮುಚ್ಚಿ, ಅದರ ಬೆನ್ನನ್ನು ಒಮ್ಮೆ ಸವರಿ, ಎರಡೂ ಕೈಯಲ್ಲಿ ಅವನ ಕೈಗೆ ಕೊಟ್ಟರು.