ಹನ್ನೊಂದನೇ ಕಂಬದ ಎಲೆಗಳು

ಶಾಸನಸಭೆಯ ಕಟ್ಟಡವನ್ನು ಜನರಿಗೆ ತೋರಿಸುವುದು ನನ್ನ ಕೆಲಸ. ಹದಿನೆಂಟು ವರ್ಷಗಳಿಂದ ಅದೇ ಗಿಣಿಪಾಠ: ಕಟ್ಟಡಕ್ಕೆ ಈಗ ಎಂಬತ್ತೆರಡು ವರ್ಷ, ಕಲ್ಲು ಬಂದದ್ದು ದೋಣಿಯಲ್ಲಿ, ಗುಮ್ಮಟ ನಿಂತದ್ದು ಮೂರನೇ ಪ್ರಯತ್ನಕ್ಕೆ. ಗುಮ್ಮಟದ ಕೆಳಗೆ ಇಪ್ಪತ್ತನಾಲ್ಕು ಕಂಬ. ಅವುಗಳ ತಲೆಗಲ್ಲಿನ ಮೇಲೆ ಕೆತ್ತಿದ ಎಲೆಗಳೆಲ್ಲ ಬಲಕ್ಕೆ ಬಾಗಿವೆ, ಹನ್ನೊಂದನೆಯದರಲ್ಲಿ ಮಾತ್ರ ಎಡಕ್ಕೆ. ಅದು ವಾಸ್ತುಶಿಲ್ಪಿ ಬೇಕೆಂದೇ ಮಾಡಿಸಿದ ಚಮತ್ಕಾರ ಎಂದು ಪುಸ್ತಕದಲ್ಲಿದೆ. ನಾನೂ ಹಾಗೇ ಹೇಳುತ್ತಿದ್ದೆ, ಮನೆಗೆ ಬಂದು ಸೋದರತ್ತೆಯ ಕೈಲಿ ಬೈಸಿಕೊಳ್ಳುತ್ತಿದ್ದೆ.

"ಚಮತ್ಕಾರವಂತೆ, ಮಣ್ಣಂಗಟ್ಟಿ. ಅದು ನಮ್ಮಪ್ಪ ಕೆತ್ತಿದ್ದು ಕಣೇ. ಹೆಗಲ ಮೇಲೆ ಕೂರಿಸ್ಕೊಂಡು ತೋರಿಸಿದ್ದ."

ಅತ್ತೆಗೆ ಎಂಬತ್ತೆಂಟು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ನಿಮ್ಮಪ್ಪ ಬಲಗೈಯವನು, ಎಲೆ ಯಾಕೆ ಎಡಕ್ಕೆ ತಿರುಗ್ತು?" ಎಂದು ನೆಂಟರು ನಗುತ್ತಿದ್ದರು. ಅವಳು ಕೋಲು ಕುಟ್ಟಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಹೀಗಿರುವಾಗ ಹನ್ನೊಂದನೇ ಕಂಬ ಬಿರುಕು ಬಿಟ್ಟಿತು. ರಿಪೇರಿಗೆ ತಲೆಗಲ್ಲನ್ನು ಜಾಕ್ ಕೊಟ್ಟು ಎತ್ತುತ್ತಾರೆ ಎಂದು ಕೇಳಿದ್ದೇ ತಡ, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಗಿನ ಕಲ್ಲುಕುಟಿಗರು ತಾವು ಕೆತ್ತಿದ ಕಲ್ಲಿನ ಅಡಿಯಲ್ಲಿ, ಯಾರಿಗೂ ಕಾಣದಂತೆ, ತಮ್ಮದೊಂದು ಗುರುತು ಹಾಕುತ್ತಿದ್ದರು. ಅಜ್ಜನದು ಮೂರು ಗೀಟು. ಅದು ಸಿಕ್ಕರೆ ಹೊಸ ಹಿತ್ತಾಳೆ ಫಲಕದಲ್ಲಿ ಅಜ್ಜನ ಹೆಸರು, ಸಿಗದಿದ್ದರೆ ಪುಸ್ತಕದ ಚಮತ್ಕಾರವೇ ಗಟ್ಟಿ. ಕಟ್ಟಡದ ಅಧಿಕಾರಿ ಹಾಗೆಂದು ಮಾತು ಕೊಟ್ಟಿದ್ದರು.

ಆ ದಿನ ಅತ್ತೆ ಬೆಳಿಗ್ಗೆ ಏಳಕ್ಕೇ ತಯಾರು. ಎಡಗೈಯಲ್ಲಿ ಕೋಲು, ಚೀಲದಲ್ಲಿ ತನ್ನಮ್ಮನ ಹಳೇ ಊಟದ ಡಬ್ಬಿ. ಅಜ್ಜಿ ಕಲ್ಲು ಕೆತ್ತುವ ಶೆಡ್ಡಿಗೆ ಅಜ್ಜನ ಊಟ ಒಯ್ಯುತ್ತಿದ್ದುದು ಅದರಲ್ಲೇ.

ಕಲ್ಲು ಒಂದು ಗೇಣು ಮೇಲೆದ್ದಿತು. ಅಟ್ಟಣಿಗೆಯ ಮೇಲಿದ್ದ ಮೇಸ್ತ್ರಿ ಸಂದಿಯಲ್ಲಿ ಕನ್ನಡಿ ಹಿಡಿದು ಟಾರ್ಚ್ ಬಿಟ್ಟರು.

"ಗೀಟು ಗೀಟು ಏನೂ ಇಲ್ಲಮ್ಮ. ಎರಡು ಬಳೆ ಒಂದಕ್ಕೊಂದು ಸಿಕ್ಕಿಸಿದ ಹಾಗೆ ಏನೋ ಇದೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ಹೋಗ್ಲಿ ಬಿಡಿ ತಾಯಿ" ಎಂದರು ಅಧಿಕಾರಿ, ಪಾಪ.

"ಏನಂದೆ? ಇನ್ನೊಂದ್ಸಲ ಹೇಳಪ್ಪ" ಎಂದಳು ಅತ್ತೆ, ಮೇಲಿದ್ದ ಮೇಸ್ತ್ರಿಗೆ.

"ಎರಡು ಬಳೆ, ತಾಯಿ."

ಅತ್ತೆ ನೆಲದ ಮೇಲೇ ಕುಳಿತು, ಡಬ್ಬಿಯನ್ನು ಚೀಲದಿಂದ ತೆಗೆದು ಬೋರಲು ಹಾಕಿದಳು. ಅಡಿಯಲ್ಲಿ ಮೊಳೆಯಿಂದ ಗೀಚಿದ ಎರಡು ಬಳೆ. ಪಾತ್ರೆಗಳು ಪಕ್ಕದ ಮನೆಯವುಗಳ ಜೊತೆ ಸೇರಿಹೋಗದಿರಲೆಂದು ಅಜ್ಜಿ ಹಾಕುತ್ತಿದ್ದ ಗುರುತು.

"ಆ ವರ್ಷ ಅಪ್ಪನ ಬೆರಳು ಕಲ್ಲಿಗೆ ಸಿಕ್ಕಿ ಜಜ್ಜಿಹೋಗಿತ್ತು. ಅಮ್ಮ ಊಟ ತಗೊಂಡು ಹೋದೋಳು ಸಂಜೆಗೇ ಬರ್ತಿದ್ದದ್ದು. ತಲೆ ತುಂಬ ಬಿಳಿ ಪುಡಿ. ಅಮ್ಮ ಎಡಗೈಯೋಳು ಕಣೇ, ನನ್ನ ಹಾಗೇ."

ಮೇಸ್ತ್ರಿ ಕೆಲಸದವರನ್ನೆಲ್ಲ ಕೂಗಿ ಕರೆದು ಕನ್ನಡಿ ತೋರಿಸತೊಡಗಿದರು. ನನಗಂತೂ ಅಲ್ಲೇ ಕುಣಿಯಬೇಕೆನಿಸಿತು. ಅತ್ತೆ ಮಾತ್ರ ಅಳುತ್ತಿದ್ದಳು.

"ಇಷ್ಟು ವರ್ಷ ಅವಳ ಕೆಲಸಕ್ಕೆ ಅಪ್ಪನ ಹೆಸರು ಹೇಳಿ ಜಗಳ ಆಡಿದ್ನಲ್ಲೇ."

ಅಧಿಕಾರಿ ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ಕಾಗದ, ಪೆನ್ನು ಮುಂದಿಟ್ಟರು. "ಫಲಕಕ್ಕೆ ಅವರ ಹೆಸರು ಬರೆದುಕೊಡಿ ತಾಯಿ."

ಅತ್ತೆ ಕಣ್ಣೊರೆಸಿಕೊಂಡು, ಕೋಲು ಕೆಳಗಿಟ್ಟು, ಎಡಗೈಯಿಂದ ಒಂದೊಂದೇ ಅಕ್ಷರ ಬರೆದಳು. ಆಮೇಲೆ ಹೆಸರಿನ ಪಕ್ಕ ಎರಡು ಬಳೆ ಗೀಚಿದಳು.

"ಇದನ್ನೂ ಹಾಕ್ಸಿ. ಈ ಸಲ ಎಲ್ರಿಗೂ ಕಾಣೋ ಕಡೆ."